ಬಾಯಿ ತಪ್ಪಿದ ಮಾತಿಗೆ ಇಂಗ್ಲಿಷಿನ ಹೆಸರುಗಳು

ಪ್ರಯೋಗಶಾಲೆಯಲ್ಲಿ ಸರಳ ಲೋಲಕದ ಆವರ್ತಕಾಲವನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ಅಂಕೆ ದೊರೆಯುವುದಿಲ್ಲ. ಒಮ್ಮೆ ತುಸು ಹೆಚ್ಚು, ಇನ್ನೊಮ್ಮೆ ತುಸು ಕಡಿಮೆ. ಇದನ್ನು ಕಂಡು ಯಾವ ವಿದ್ಯಾರ್ಥಿಯೂ ನಾಚಿಕೊಳ್ಳುವುದಿಲ್ಲ. ಅಳತೆಯೆಂದ ಮೇಲೆ ದೋಷವಿದ್ದೇ ಇರುತ್ತದೆಂದು ಅರಿತು, ಸರಾಸರಿಯನ್ನು ತೆಗೆದು, ಲೆಕ್ಕವನ್ನು ಮುಂದುವರಿಸುತ್ತಾನೆ. ಆದರೆ ಅದೇ ವಿದ್ಯಾರ್ಥಿಯು ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಬೇಕಾಗಿ ಬಂದಾಗ, ಒಂದಕ್ಷರ ಅತ್ತಿತ್ತ ಆಯಿತೆಂದರೆ ಸಾಕು, ತಲೆ ತಗ್ಗಿಸಿ ಕುಳಿತುಬಿಡುತ್ತಾನೆ. ಮುಂದಿನ ಸಲ ಆತನು ಏಳುವುದೇ ಇಲ್ಲ. ತಿಳಿದ ಉತ್ತರವೂ ಗಂಟಲಿನಲ್ಲಿಯೇ ಉಳಿದುಹೋಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ಬುದ್ಧಿವಂತ ಹುಡುಗ ಹುಡುಗಿಯರಲ್ಲಿ ಈ ಮೌನವನ್ನು ನಾವು ವರ್ಷ ವರ್ಷವೂ ಕಾಣುತ್ತೇವೆ.

ಮಾತಿನಲ್ಲಾಗುವ ತಪ್ಪುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಈ ಅಂಜಿಕೆಗೆ ಒಂದು ಕಾರಣ. ವಿಜ್ಞಾನದ ಪದ್ಧತಿ ಹಾಗಲ್ಲ. ಒಂದು ಸಂಗತಿಯನ್ನು ತಿಳಿಯಬೇಕಾದರೆ ಮೊದಲು ಅದರ ಬಗೆಗಳನ್ನು ವಿಂಗಡಿಸಬೇಕು, ಒಂದೊಂದಕ್ಕೂ ಹೆಸರಿಡಬೇಕು, ಅನಂತರ ಒಂದೊಂದರ ಕಾರಣವನ್ನು ಹುಡುಕಬೇಕು. ಮಾತಿನ ತಪ್ಪುಗಳಿಗೆ ಇಂಗ್ಲಿಷಿನಲ್ಲಿ ಹೇರಳವಾಗಿ ಹೆಸರುಗಳಿವೆ. ಅವನ್ನು ಅರಿತುಕೊಂಡರೆ ಶಬ್ದಸಂಪತ್ತು ಬೆಳೆಯುತ್ತದೆ; ಅದರೊಡನೆ, ಯಾವ ತಪ್ಪನ್ನು ತಿದ್ದಲು ಶ್ರಮಿಸಬೇಕು, ಯಾವುದನ್ನು ನಕ್ಕು ಬಿಟ್ಟುಬಿಡಬೇಕು ಎಂಬ ವಿವೇಕವೂ ಮೂಡುತ್ತದೆ.

ಮೊದಲು ಮೂರು ಶಬ್ದಗಳು

'ಮಿಸ್ಟೇಕ್', 'ಎರರ್', 'ಸ್ಲಿಪ್' – ಈ ಮೂರನ್ನೂ ನಾವು ಕನ್ನಡದಲ್ಲಿ 'ತಪ್ಪು' ಎಂದೇ ಹೇಳಿಬಿಡುತ್ತೇವೆ. ಆದರೆ ಮೂರರ ಹಿಂದೆಯೂ ಮೂರು ಬೇರೆ ಬೇರೆ ಚಿತ್ರಗಳಿವೆ. 'ಮಿಸ್ಟೇಕ್' ಎಂದರೆ ತಪ್ಪಾಗಿ ತೆಗೆದುಕೊಳ್ಳುವುದು. ಒಂದನ್ನು ತೆಗೆಯುವಲ್ಲಿ ಇನ್ನೊಂದಕ್ಕೆ ಕೈ ಹಾಕುವುದು. 'ಎರರ್' ಎಂಬುದು ಅಲೆದಾಡುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ದಾರಿ ತಪ್ಪಿ ಬೇರೆಡೆಗೆ ಹೋದವನ ಚಿತ್ರ ಅದು. 'ಸ್ಲಿಪ್' ಎಂದರೆ ಜಾರುವುದು. ದಾರಿ ಗೊತ್ತಿದೆ, ಅದೇ ದಾರಿಯಲ್ಲಿಯೇ ನಡೆಯುತ್ತಿದ್ದೇವೆ, ಆದರೂ ಒಮ್ಮೆ ಕಾಲು ಜಾರಿತು. ಲ್ಯಾಟಿನ್ನಿನಲ್ಲಿ ಇದನ್ನೇ 'ಲ್ಯಾಪ್ಸಸ್ ಲಿಂಗ್ವೇ', ಅಂದರೆ ನಾಲಿಗೆಯ ಜಾರಿಕೆ, ಎಂದು ಕರೆದರು. ವಿದ್ವಾಂಸರ ಬರೆಹಗಳಲ್ಲಿ ಈ ಮಾತು ಇಂದಿಗೂ ಕಾಣಸಿಗುತ್ತದೆ. ಸಂಸ್ಕೃತದ 'ಸ್ಖಲನ'ವೂ ಎಡವುವುದು, ಜಾರುವುದು ಎಂಬ ಅರ್ಥದಿಂದಲೇ ಹೊರಟ ಶಬ್ದ. ನಡೆಯುವ ಕಾಲಿಗೂ ನುಡಿಯುವ ನಾಲಿಗೆಗೂ ಹೋಲಿಕೆಯನ್ನು ಕಂಡುದು ಒಂದು ದೇಶದ ಜನ ಮಾತ್ರವಲ್ಲವೆಂದಾಯಿತು.

ಕನ್ನಡವೂ ಈ ವಿಷಯದಲ್ಲಿ ಬಡವಲ್ಲ. 'ಮಾತಿಗೆ ತಪ್ಪಿದ' ಎಂದರೆ ವಚನಭ್ರಷ್ಟನಾದ ಎಂದರ್ಥ. 'ಬಾಯಿ ತಪ್ಪಿ ಆಡಿದ' ಎಂದರೆ ಉದ್ದೇಶವಿಲ್ಲದೆ ಹೊರಬಿದ್ದ ಮಾತು. ಮೊದಲನೆಯದು ನಡತೆಯ ದೋಷ, ಎರಡನೆಯದು ನಾಲಿಗೆಯ ದೋಷ. ಈ ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ದಿನಬಳಕೆಯ ಹೆಸರು 'ಸ್ಲಿಪ್ ಆಫ್ ದ ಟಂಗ್'. ಬರೆಯುವಾಗ ಹೀಗಾದರೆ 'ಸ್ಲಿಪ್ ಆಫ್ ದ ಪೆನ್'.

ನಾಲಿಗೆ ಜಾರುವ ಬಗೆಗಳು

ನಾಲಿಗೆ ಮನಬಂದಂತೆ ಜಾರುವುದಿಲ್ಲ ಎಂಬುದು ಸೋಜಿಗದ ಸಂಗತಿ. ಆಸ್ಟ್ರಿಯದ ಭಾಷಾಶಾಸ್ತ್ರಜ್ಞ ರುಡಾಲ್ಫ್ ಮೆರಿಂಗರ್ ಎಂಬಾತನು ಕಾರ್ಲ್ ಮೇಯರ್ ಎಂಬ ಮನೋವೈದ್ಯನೊಡನೆ ಸೇರಿ, ಜನರು ಆಡುವಾಗಲೂ ಓದುವಾಗಲೂ ಮಾಡಿದ ತಪ್ಪುಗಳನ್ನು ಸಂಗ್ರಹಿಸಿ, ೧೮೯೫ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಜೀವಶಾಸ್ತ್ರಜ್ಞರು ಕೀಟಗಳನ್ನು ವಿಂಗಡಿಸುವಂತೆ ಆತನು ತಪ್ಪುಗಳನ್ನು ವಿಂಗಡಿಸಿದನು. ಆ ವಿಂಗಡಣೆಯ ಮುಖ್ಯ ಬಗೆಗಳು ಇಂದಿಗೂ ಬಳಕೆಯಲ್ಲಿವೆ.

ಮೊದಲನೆಯದು 'ಆಂಟಿಸಿಪೇಷನ್', ಅಂದರೆ ಮುಂದೆ ಬರಬೇಕಾದ ಧ್ವನಿ ಮೊದಲೇ ನುಗ್ಗುವುದು. 'ರೀಡಿಂಗ್ ಲಿಸ್ಟ್' ಎನ್ನಲು ಹೋಗಿ 'ಲೀಡಿಂಗ್ ಲಿಸ್ಟ್' ಎಂದರೆ, 'ಲಿಸ್ಟ್' ಶಬ್ದದ ಲಕಾರವು ತನ್ನ ಸರದಿಗೆ ಕಾಯದೆ ಮುಂದೆ ಬಂದಿತೆಂದು ಅರ್ಥ. ಎರಡನೆಯದು 'ಪರ್ಸೆವರೇಷನ್', ಇದರಲ್ಲಿ ಆಡಿ ಮುಗಿದ ಧ್ವನಿ ಹೋಗಲೊಲ್ಲದೆ ಮತ್ತೊಮ್ಮೆ ಬರುತ್ತದೆ. ರಂಪ ಮಾಡಿದ ಎಂಬ ಅರ್ಥದ 'ಪುಲ್ಡ್ ಎ ಟ್ಯಾಂಟ್ರಮ್' ಎಂಬ ಮಾತು 'ಪುಲ್ಡ್ ಎ ಪ್ಯಾಂಟ್ರಮ್' ಆಗುವುದು ಹೀಗೆ. ಮೂರನೆಯದು 'ಎಕ್ಸ್‌ಚೇಂಜ್', ಅಂದರೆ ಎರಡು ಧ್ವನಿಗಳ ಅದಲುಬದಲು: 'ಲೆಫ್ಟ್ ಹೆಮಿಸ್ಫಿಯರ್' ಎಂಬುದು 'ಹೆಫ್ಟ್ ಲೆಮಿಸ್ಫಿಯರ್' ಆಗುತ್ತದೆ. ನಾಲ್ಕನೆಯದು 'ಬ್ಲೆಂಡ್', ಅಂದರೆ ಬೆರಕೆ. ಕೂಗು ಎಂಬ ಅರ್ಥದ 'ಷೌಟ್', 'ಯೆಲ್' ಎಂಬ ಎರಡು ಶಬ್ದಗಳು ಏಕಕಾಲಕ್ಕೆ ನಾಲಿಗೆಗೆ ಬಂದು 'ಷೆಲ್' ಎಂಬ ಒಂದೇ ಶಬ್ದವಾಗಿ ಹೊರಬೀಳುತ್ತವೆ.

ಮೂರನೆಯ ಬಗೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಜನಪ್ರಿಯ ಹೆಸರಿದೆ: 'ಸ್ಪೂನರಿಸಂ'. ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ ಎಂಬ ವಿದ್ವಾಂಸನು ೧೮೪೪ರಿಂದ ೧೯೩೦ರ ವರೆಗೆ ಜೀವಿಸಿದ್ದವನು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿಗೆ ೧೯೦೩ರಿಂದ ೧೯೨೪ರ ವರೆಗೆ ಮುಖ್ಯಸ್ಥನಾಗಿದ್ದವನು. ಆತನ ಬಾಯಲ್ಲಿ ಶಬ್ದಗಳ ಮೊದಲಕ್ಷರಗಳು ಸ್ಥಾನ ಬದಲಿಸುತ್ತಿದ್ದುವೆಂದು ಪ್ರತೀತಿ. ಕೂಲಿಯ ದರ ಎಂಬರ್ಥದ 'ರೇಟ್ ಆಫ್ ವೇಜಸ್' ಎಂಬುದನ್ನು ಆತನು 'ವೇಟ್ ಆಫ್ ರೇಜಸ್', ಅಂದರೆ ಕೋಪಗಳ ಭಾರ, ಎಂದನಂತೆ! ಚೆನ್ನಾಗಿ ಎಣ್ಣೆ ಹಾಕಿದ ಸೈಕಲ್ ಎಂಬರ್ಥದ 'ವೆಲ್ ಆಯಿಲ್ಡ್ ಬೈಸಿಕಲ್' ಎಂಬುದು 'ವೆಲ್ ಬಾಯಿಲ್ಡ್ ಐಸಿಕಲ್', ಅಂದರೆ ಚೆನ್ನಾಗಿ ಬೆಂದ ಮಂಜಿನ ಕಡ್ಡಿ, ಆಯಿತೆಂದೂ ಹೇಳುವುದುಂಟು. ಆತನ ಹೆಸರಿನಲ್ಲಿ ಹರಡಿರುವ ಇಂತಹ ಮಾತುಗಳಲ್ಲಿ ಬಹುಪಾಲು ಹಾಸ್ಯಪ್ರಿಯರಾದ ವಿದ್ಯಾರ್ಥಿಗಳು ಕಟ್ಟಿದುವು. ಆದರೂ ಹೆಸರು ಮಾತ್ರ ಆತನದಾಗಿಯೇ ಉಳಿಯಿತು.

ಕನ್ನಡದಲ್ಲಿ ಇದರ ರೂಪ ಹೇಗಿರಬಹುದು? 'ಬಿಸಿ ನೀರು' ಎಂಬುದನ್ನು ಯಾರಾದರೂ 'ನಿಸಿ ಬೀರು' ಎಂದರೆಂದು ಭಾವಿಸೋಣ. ಇಲ್ಲಿ ಬಕಾರ ನಕಾರಗಳು ಮಾತ್ರ ಸ್ಥಾನ ಬದಲಿಸಿವೆ. ಹ್ರಸ್ವ ಇಕಾರವೂ ದೀರ್ಘ ಈಕಾರವೂ ಇದ್ದಲ್ಲಿಯೇ ಇವೆ. ಇಡೀ ಅಕ್ಷರವೇ ಚಲಿಸಿದ್ದರೆ 'ನೀಸಿ ಬಿರು' ಎಂದಾಗಬೇಕಾಗಿತ್ತು. ಮೇಲಿನ ಇಂಗ್ಲಿಷ್ ಉದಾಹರಣೆಗಳಲ್ಲಿಯೂ ವ್ಯಂಜನವು ಸ್ವರವನ್ನು ಬಿಟ್ಟು ತಾನೊಂದೇ ಹೊರಟಿರುವುದನ್ನು ಓದುಗರು ಗಮನಿಸಬೇಕು. ನಾವು ಬರೆಯುವಾಗ ವ್ಯಂಜನ ಸ್ವರಗಳನ್ನು ಒಂದೇ ಅಕ್ಷರದಲ್ಲಿ ಕೂಡಿಸುತ್ತೇವೆ. ಆದರೆ ಮಿದುಳು ಅವನ್ನು ಬೇರೆ ಬೇರೆಯಾಗಿಯೇ ನಿರ್ವಹಿಸುತ್ತದೆಂದು ಜಾರಿದ ನಾಲಿಗೆ ತೋರಿಸಿಕೊಡುತ್ತದೆ.

ಒಂದು ಶಬ್ದದ ಬದಲು ಇನ್ನೊಂದು

ಕೆಲವು ಸಲ ಧ್ವನಿಯ ಬದಲು ಶಬ್ದವೇ ಬೇರೆಯಾಗುತ್ತದೆ. ಇದರಲ್ಲಿ ಪ್ರಸಿದ್ಧವಾದ ಹೆಸರು 'ಮ್ಯಾಲಪ್ರಾಪಿಸಂ'. ೧೭೭೫ರಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ರಿಚರ್ಡ್ ಷೆರಿಡನ್ನನ 'ದ ರೈವಲ್ಸ್' ನಾಟಕದಲ್ಲಿ ಮಿಸೆಸ್ ಮ್ಯಾಲಪ್ರಾಪ್ ಎಂಬ ಪಾತ್ರವಿದೆ. ಅನುಚಿತವಾಗಿ ಎಂಬರ್ಥದ ಫ್ರೆಂಚ್ ನುಡಿಗಟ್ಟಿನಿಂದ ಕವಿ ಆ ಹೆಸರನ್ನು ಕಟ್ಟಿದನು. ದೊಡ್ಡ ದೊಡ್ಡ ಶಬ್ದಗಳ ಮೇಲೆ ಆಕೆಗೆ ಬಲು ಮೋಹ. ಆದರೆ ಮೊಸಳೆಯ ಜಾತಿಯಾದ 'ಅಲಿಗೇಟರ್' ಎನ್ನಬೇಕಾದಲ್ಲಿ, ರೂಪಕಕಥೆ ಎಂಬರ್ಥದ 'ಅಲಿಗರಿ' ಎನ್ನುತ್ತಾಳೆ. ಇಲ್ಲೊಂದು ಸೂಕ್ಷ್ಮವಿದೆ. ಸರಿಯಾದ ಶಬ್ದವನ್ನು ಬಲ್ಲವನು ಅವಸರದಲ್ಲಿ ಇನ್ನೊಂದನ್ನು ಆಡಿದರೆ ಅದು ಜಾರಿಕೆ. ತಪ್ಪು ಶಬ್ದವನ್ನೇ ಸರಿಯೆಂದು ನಂಬಿ ಆಡಿದರೆ ಅದು ಅಜ್ಞಾನ. ಮಿಸೆಸ್ ಮ್ಯಾಲಪ್ರಾಪಳದು ಎರಡನೆಯ ಬಗೆ.

ಇನ್ನೊಂದು ಹೆಸರು 'ಫ್ರಾಯ್ಡಿಯನ್ ಸ್ಲಿಪ್'. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ೧೯೦೧ರಲ್ಲಿ ಈ ವಿಷಯವನ್ನು ಕುರಿತು ಬರೆದನು. ಮನಸ್ಸಿನಲ್ಲಿ ಹುದುಗಿಸಿಟ್ಟ ಬಯಕೆಯೇ ನಾಲಿಗೆಯನ್ನು ಜಾರಿಸಿ ಹೊರಬರುತ್ತದೆಂಬುದು ಆತನ ಅಭಿಪ್ರಾಯ. ಮೆರಿಂಗರನು ದಾಖಲಿಸಿದ್ದ ಒಂದು ಪ್ರಸಂಗವನ್ನು ಆತನು ಉದಾಹರಿಸುತ್ತಾನೆ: ಆಸ್ಟ್ರಿಯದ ಸಂಸತ್ತಿನ ಅಧ್ಯಕ್ಷನು ಅಧಿವೇಶನವು ಆರಂಭವಾಯಿತೆಂದು ಸಾರುವ ಬದಲು ಮುಕ್ತಾಯವಾಯಿತೆಂದು ಸಾರಿಬಿಟ್ಟನು. ಅಧಿವೇಶನ ಬೇಗ ಮುಗಿಯಲೆಂಬುದೇ ಅಧ್ಯಕ್ಷನ ಒಳಗಿನ ಬಯಕೆ ಎಂದು ಫ್ರಾಯ್ಡನ ವಾದ. ಆದರೆ ವಿರುದ್ಧಾರ್ಥದ ಶಬ್ದಗಳು ಮನಸ್ಸಿನಲ್ಲಿ ಅಕ್ಕಪಕ್ಕದ ಮನೆಯವರಿದ್ದಂತೆ. ಒಂದನ್ನು ಕರೆದರೆ ಇನ್ನೊಂದು ಓಗೊಡುವುದು ಸುಲಭ. ಬಲ ಎನ್ನುವಲ್ಲಿ ಎಡ, ನಿನ್ನೆ ಎನ್ನುವಲ್ಲಿ ನಾಳೆ ಎನ್ನುವವರಿಗೆಲ್ಲ ಗುಪ್ತವಾದ ಬಯಕೆಗಳಿವೆಯೆಂದು ತಿಳಿಯಬೇಕಾಗಿಲ್ಲ. ಇಂದಿನ ಸಂಶೋಧಕರಲ್ಲಿ ಹೆಚ್ಚಿನವರು ಒಪ್ಪುವುದು ಈ ಸರಳವಾದ ವಿವರಣೆಯನ್ನೇ.

ಶಬ್ದವು ಬದಲಾಗದೆ, ಬಾರದೆಯೇ ನಿಲ್ಲುವುದೂ ಉಂಟು. ಇದಕ್ಕೆ 'ಟಿಪ್ ಆಫ್ ದ ಟಂಗ್', ಅಂದರೆ ನಾಲಿಗೆಯ ತುದಿ, ಎಂದು ಹೆಸರು. ಕನ್ನಡದಲ್ಲಿಯೂ ನಾವು ಹೇಳುವುದು ಹಾಗೆಯೇ. ೧೯೬೬ರಲ್ಲಿ ಅಮೆರಿಕದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ವಿಜ್ಞಾನಿಗಳು ಈ ಸ್ಥಿತಿಯನ್ನು ಪ್ರಯೋಗಕ್ಕೆ ಒಳಪಡಿಸಿದರು. ಅಪರೂಪವಾದ ಶಬ್ದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿ, ಶಬ್ದವನ್ನು ನೆನಪಿಸಿಕೊಳ್ಳುವಂತೆ ಕೇಳಿದರು. ಸಮುದ್ರದ ಮೇಲೆ ಸೂರ್ಯ ನಕ್ಷತ್ರಗಳ ಉನ್ನತಿಯನ್ನು ಅಳೆಯುವ 'ಸೆಕ್ಸ್‌ಟಂಟ್' ಉಪಕರಣದ ವಿವರಣೆಯನ್ನು ಕೇಳಿ, ಹೆಸರು ಹೊಳೆಯದ ಕೆಲವರಿಗೆ 'ಸೆಕಂಟ್', 'ಸೆಕ್ಸ್‌ಟೆಟ್' ಎಂಬಂಥ ಶಬ್ದಗಳು ಹೊಳೆದುವು. ಮೊದಲಕ್ಷರ ಯಾವುದು, ಎಷ್ಟು ಅಕ್ಷರಗಳ ಶಬ್ದ ಎಂಬುದನ್ನು ಅನೇಕರು ಸರಿಯಾಗಿ ಊಹಿಸಿದರು. ಆದುದರಿಂದ ಶಬ್ದ ಬಾರದಿರುವುದಕ್ಕೂ ಶಬ್ದ ತಿಳಿಯದಿರುವುದಕ್ಕೂ ಬಹಳ ಅಂತರವಿದೆ.

ಜಾರಿಕೆ ಹೇಳುವ ಒಳಗಿನ ಸಮಾಚಾರ

೧೯೭೧ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ ಈ ತಪ್ಪುಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಅವು ಭಾಷೆಯ ನಿಯಮಗಳಿಗೆ ಒಳಪಟ್ಟೇ ನಡೆಯುತ್ತವೆಂದು ತೋರಿಸಿದಳು. ಈ ಶಾಸ್ತ್ರದಲ್ಲಿ ಪ್ರಸಿದ್ಧವಾದ ಒಂದು ಉದಾಹರಣೆಯನ್ನು ನೋಡಿರಿ. 'ಆನ್ ಈಟಿಂಗ್ ಮ್ಯಾರಥಾನ್' ಎನ್ನಬೇಕಾಗಿದ್ದ ಒಬ್ಬರು 'ಎ ಮೀಟಿಂಗ್ ಆರಥಾನ್' ಎಂದರು. ಮಕಾರವು ಹಿಂದಿನ ಶಬ್ದಕ್ಕೆ ಬಂದು ಸೇರಿತು. ಆಗ 'ಆನ್' ಎಂಬುದು ತಾನಾಗಿ 'ಎ' ಆಯಿತು! ವ್ಯಂಜನದ ಮುಂದೆ 'ಎ' ಬರಬೇಕೆಂಬ ವ್ಯಾಕರಣ ನಿಯಮವು ತಪ್ಪಿನ ನಡುವೆಯೂ ತಪ್ಪದೆ ಕೆಲಸ ಮಾಡಿದೆ. ಧ್ವನಿ ಜಾರಿದುದು ಮೊದಲು, 'ಎ' ಅಥವಾ 'ಆನ್' ಎಂಬ ರೂಪ ನಿಶ್ಚಯವಾದುದು ಅನಂತರ ಎಂಬ ಕ್ರಮವೂ ಇದರಿಂದ ತಿಳಿದುಬರುತ್ತದೆ.

೧೯೭೫ರಲ್ಲಿ ಬಾರ್ಸ್, ಮಾಟ್ಲಿ, ಮೆಕೇ ಎಂಬ ಮೂವರು ಸಂಶೋಧಕರು ಪ್ರಯೋಗಶಾಲೆಯಲ್ಲಿಯೇ ನಾಲಿಗೆಯನ್ನು ಜಾರಿಸುವ ಉಪಾಯವನ್ನು ಪ್ರಕಟಿಸಿದರು. 'ಬಾಲ್ ಡೋಜ್', 'ಬ್ಯಾಷ್ ಡೋರ್' ಎಂಬಂತೆ ಬಕಾರ ಡಕಾರಗಳ ಜೋಡಿಗಳನ್ನು ಮನಸ್ಸಿನಲ್ಲಿಯೇ ಓದಿಸಿ, ಕೂಡಲೇ 'ಡಾರ್ನ್ ಬೋರ್' ಎಂಬ ತಿರುಗುಮುರುಗಾದ ಜೋಡಿಯನ್ನು ಗಟ್ಟಿಯಾಗಿ ಹೇಳಿಸುವುದು ಆ ಉಪಾಯ. ಕೆಲವರು 'ಬಾರ್ನ್ ಡೋರ್' ಎಂದುಬಿಡುತ್ತಿದ್ದರು. ಆದರೆ ಅದಲುಬದಲಾದಾಗ ಅರ್ಥವಿಲ್ಲದ ಶಬ್ದಗಳು ಹುಟ್ಟುವಂತಿದ್ದರೆ ನಾಲಿಗೆ ಜಾರುವುದು ಕಡಿಮೆಯಾಗುತ್ತಿತ್ತು. ಮಾತು ತುಟಿಯನ್ನು ದಾಟುವ ಮೊದಲೇ ಅದನ್ನು ಪರೀಕ್ಷಿಸುವ ಕಾವಲುಗಾರನೊಬ್ಬನು ಒಳಗಿದ್ದಾನೆ. ಅರ್ಥವುಳ್ಳ ಶಬ್ದದ ವೇಷದಲ್ಲಿ ಬಂದ ತಪ್ಪು ಅವನ ಕಣ್ಣಿಗೆ ಮಣ್ಣೆರಚಿ ಪಾರಾಗುತ್ತದೆಂದು ಅವರು ಇದನ್ನು ವಿವರಿಸಿದರು.

ಈಗ ಒಂದು ಸಣ್ಣ ಲೆಕ್ಕ. ಸಾಮಾನ್ಯವಾಗಿ ನಾವು ಸೆಕೆಂಡಿಗೆ ಎರಡು ಮೂರು ಶಬ್ದಗಳನ್ನು ಆಡುತ್ತೇವೆ. ಎರಡೇ ಎಂದಿಟ್ಟುಕೊಂಡರೂ ಗಂಟೆಗೆ ೭,೨೦೦ ಶಬ್ದಗಳಾದುವು. ಮಾತೃಭಾಷೆಯಲ್ಲಿಯೇ ಸಾವಿರ ಶಬ್ದಗಳಿಗೆ ಸುಮಾರು ಒಂದು ಸಲ ನಾಲಿಗೆ ಜಾರುತ್ತದೆಂದು ಅಂದಾಜು ಮಾಡಲಾಗಿದೆ. ಹಾಗಾದರೆ ಒಂದು ಗಂಟೆಯ ಉಪನ್ಯಾಸದಲ್ಲಿ ಏಳು ಜಾರಿಕೆಗಳು ನಿರೀಕ್ಷಿತ. ನುರಿತ ಭಾಷಣಕಾರನಿಗೇ ಹೀಗಿರುವಾಗ, ಹೊಸ ಭಾಷೆಯಲ್ಲಿ ಮಾತನಾಡುವ ವಿದ್ಯಾರ್ಥಿಗೆ ಇನ್ನೆರಡು ಹೆಚ್ಚಾದರೆ ಆಶ್ಚರ್ಯವೇನು?

ತಪ್ಪನ್ನು ಕುರಿತು ಮಾತನಾಡುವ ರೀತಿ

ಇನ್ನು ಬಳಕೆಯ ವಿಷಯ. ಕನ್ನಡದಲ್ಲಿ 'ತಪ್ಪು ಮಾಡು' ಎನ್ನುವುದರಿಂದ ಅನೇಕರು 'ಡೂ ಎ ಮಿಸ್ಟೇಕ್' ಎನ್ನುತ್ತಾರೆ. ಇಂಗ್ಲಿಷಿನ ವಾಡಿಕೆ 'ಮೇಕ್ ಎ ಮಿಸ್ಟೇಕ್'. 'ಟಂಗ್ ಸ್ಲಿಪ್ ಆಯಿತು' ಎಂಬುದು ನಮ್ಮಲ್ಲಿ ರೂಢಿಯಾಗಿದ್ದರೂ 'ಇಟ್ ವಾಸ್ ಎ ಸ್ಲಿಪ್ ಆಫ್ ದ ಟಂಗ್' ಎಂಬುದೇ ಸರಿಯಾದ ರೂಪ. ಉಚ್ಚರಿಸು ಎಂಬ ಕ್ರಿಯೆ 'ಪ್ರನೌನ್ಸ್'. ಆದರೆ ಉಚ್ಚಾರಣೆಗೆ 'ಪ್ರನನ್ಸಿಯೇಷನ್' ಎನ್ನಬೇಕು, 'ಪ್ರನೌನ್ಸಿಯೇಷನ್' ಎನ್ನಬಾರದು. ತಪ್ಪಾಗಿ ಉಚ್ಚರಿಸುವುದು 'ಮಿಸ್‌ಪ್ರನೌನ್ಸ್'.

ಒಂದು ಶಬ್ದದ ಬಳಿ ಎಡವುವುದು 'ಸ್ಟಂಬಲ್ ಓವರ್ ಎ ವರ್ಡ್'. ಧೈರ್ಯ ಕುಂದಿ ಮಾತು ತಡವರಿಸುವುದು 'ಫಾಲ್ಟರ್'. 'ಸ್ಟ್ಯಾಮರ್', ಅಂದರೆ ಉಗ್ಗು, ಇವುಗಳಿಂದ ಬೇರೆ. ಅದು ಜಾರಿಕೆಯೂ ಅಲ್ಲ, ಅಜ್ಞಾನವೂ ಅಲ್ಲ, ನಗುವ ವಿಷಯವಂತೂ ಅಲ್ಲವೇ ಅಲ್ಲ. ಸಭೆಯಲ್ಲಿ ಆಡಬಾರದುದನ್ನು ಆಡಿ ಮುಜುಗರಕ್ಕೆ ಸಿಕ್ಕುವುದು 'ಗ್ಯಾಫ್'. ಫ್ರೆಂಚಿನಿಂದ ಬಂದ 'ಫೋ ಪಾ', ಅಂದರೆ ತಪ್ಪು ಹೆಜ್ಜೆ, ಎಂಬುದೂ ಅದೇ ಅರ್ಥದ್ದು. ದೊಡ್ಡ ಅವಿವೇಕದ ತಪ್ಪು 'ಬ್ಲಂಡರ್'. ಪರೀಕ್ಷೆಯ ಉತ್ತರಗಳಲ್ಲಿ ನಗೆ ಉಕ್ಕಿಸುವಂಥ ತಪ್ಪು 'ಹೌಲರ್'. ವ್ಯಾಕರಣದ ತಪ್ಪಿಗೆ 'ಸಾಲಿಸಿಸಂ' ಎಂಬ ಘನವಾದ ಹೆಸರಿದೆ. ಏಷ್ಯಾ ಮೈನರಿನ ಸೋಲಾಯ್ ಎಂಬ ಊರಿನ ಗ್ರೀಕರು ಅಶುದ್ಧವಾದ ಗ್ರೀಕನ್ನು ಆಡುತ್ತಿದ್ದರೆಂಬ ಪುರಾತನರ ಹೀಯಾಳಿಕೆಯಿಂದ ಬಂದ ಶಬ್ದವಿದು.

ನಾಲಿಗೆ ಜಾರಿದಾಗ ಹೇಳಿಕೊಳ್ಳಲು ಇಂಗ್ಲಿಷಿನಲ್ಲಿ ಸಿದ್ಧವಾದ ವಾಕ್ಯಗಳಿವೆ. 'ಸಾರಿ, ಐ ಮೀನ್ ವೋಲ್ಟೇಜ್' ಎಂದರೆ ಸಾಕು, ಕರೆಂಟ್ ಎಂದುದು ವೋಲ್ಟೇಜ್ ಆಗುತ್ತದೆ. ವಾಕ್ಯವೇ ಗೋಜಲಾದರೆ 'ಲೆಟ್ ಮಿ ರೀಫ್ರೇಜ್ ದಟ್' ಎಂದು ಮತ್ತೆ ಆರಂಭಿಸಬಹುದು. ಬೇರೆಯವರು ತಿದ್ದಿದಾಗ ಗೌರವದಿಂದ ಒಪ್ಪಿಕೊಳ್ಳಲು 'ಐ ಸ್ಟ್ಯಾಂಡ್ ಕರೆಕ್ಟೆಡ್' ಎಂಬ ಮಾತಿದೆ. ಈ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡವನಿಗೆ ಅರ್ಧ ಅಂಜಿಕೆ ಕಳೆದಂತೆಯೇ.

ಎರಡು ಬಗೆಯ ದೋಷ

೧೯೬೭ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ ಒಂದು ಉಪಯುಕ್ತವಾದ ಭೇದವನ್ನು ಮುಂದಿಟ್ಟನು. ದಣಿವು, ಉದ್ವೇಗ, ಮರೆವು ಇವುಗಳಿಂದ ಆಗೊಮ್ಮೆ ಈಗೊಮ್ಮೆ ಆಗುವ, ಕ್ರಮವಿಲ್ಲದ ತಪ್ಪನ್ನು 'ಮಿಸ್ಟೇಕ್' ಎನ್ನೋಣ. ಕಲಿಯುವವನ ತಿಳಿವಳಿಕೆಯಲ್ಲಿಯೇ ಬೇರೂರಿ, ಪ್ರತಿಸಲವೂ ಒಂದೇ ರೀತಿ ಬರುವ ತಪ್ಪನ್ನು 'ಎರರ್' ಎನ್ನೋಣ ಎಂದನು.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯವೇ. ಲೋಲಕದ ಅಳತೆಯಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ಆಗುವುದು ಯಾದೃಚ್ಛಿಕ ದೋಷ. ಅಳತೆಗಳು ಹೆಚ್ಚಿದಂತೆ ಸರಾಸರಿಯಲ್ಲಿ ಅದು ಕುಗ್ಗುತ್ತದೆ. ಸ್ಕ್ರೂ ಗೇಜಿನ ಶೂನ್ಯದೋಷ ಹಾಗಲ್ಲ. ನೂರು ಸಲ ಅಳೆದರೂ ಅದು ಒಂದೇ ಕಡೆಗೆ ಎಳೆಯುತ್ತದೆ. ಅದನ್ನು ಕಂಡುಹಿಡಿದು ಕಳೆಯಬೇಕು. 'ಸಮಸ್ಯೆಯ ಬಗ್ಗೆ ಚರ್ಚಿಸು' ಎಂಬ ಕನ್ನಡದ ಅಚ್ಚಿನಲ್ಲಿ 'ಡಿಸ್ಕಸ್ ಅಬೌಟ್ ದ ಪ್ರಾಬ್ಲಮ್' ಎನ್ನುವುದೂ, ಮೊದಲ ಎಕಾರಕ್ಕೆ ಯಕಾರ ಸೇರಿಸಿ 'ಎಗ್' ಎಂಬುದನ್ನು 'ಯೆಗ್' ಎನ್ನುವುದೂ ಶೂನ್ಯದೋಷದ ಜಾತಿಯವು. ಕಾರಣ ತಿಳಿದರೆ ಇವನ್ನು ತಿದ್ದಿಕೊಳ್ಳುವುದು ಕಷ್ಟವಲ್ಲ. ಇವೂ ನಾಚಿಕೆಯ ವಿಷಯವಲ್ಲ. ಕಲಿಯುವವನು ತನ್ನದೇ ಒಂದು ನಿಯಮವನ್ನು ಕಟ್ಟಿಕೊಂಡು ಮುಂದುವರಿಯುತ್ತಿದ್ದಾನೆಂಬುದಕ್ಕೆ ಇವು ಗುರುತು ಎಂದು ಕಾರ್ಡರನು ವಾದಿಸಿದನು.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಎರಡು ಪ್ರಶ್ನೆಗಳು ಸಾಕು. ಗಮನಕ್ಕೆ ತಂದರೆ ನಾನೇ ಇದನ್ನು ತಿದ್ದಿಕೊಳ್ಳಬಲ್ಲೆನೆ? ಇದು ಪ್ರತಿಸಲವೂ ಹೀಗೆಯೇ ಬರುತ್ತದೆಯೆ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದಾದರೆ ಅದು ಬರಿಯ ಜಾರಿಕೆ. ತಿದ್ದಿಕೊಂಡು ಮುಂದೆ ಸಾಗಬೇಕು. ಉತ್ತರಗಳು ತಿರುಗುಮುರುಗಾದರೆ ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅಭ್ಯಾಸ ಮಾಡಬೇಕು.

ಅಭ್ಯಾಸ

ಕೆಳಗಿನವು ಯಾವ ಬಗೆಯ ತಪ್ಪುಗಳು?

೧. 'ಮಾಸ್ ಅಂಡ್ ಫೋರ್ಸ್' ಎನ್ನುವ ಬದಲು 'ಫಾಸ್ ಅಂಡ್ ಮೋರ್ಸ್' ಎಂದುದು.
೨. ಖಗೋಳವಿಜ್ಞಾನಕ್ಕೆ 'ಅಸ್ಟ್ರಾಲಜಿ' ಎಂದೇ ಹೆಸರೆಂದು ನಂಬಿ ಹಾಗೆಯೇ ಹೇಳುವುದು.
೩. ಉಷ್ಣತೆ 'ಫಾಲ್ಸ್' ಎಂದು ಹೇಳಿ, ಕೂಡಲೇ 'ರೈಸಸ್' ಎಂದು ತಿದ್ದಿಕೊಂಡುದು.
೪. ವಾಯುಭಾರವನ್ನು ಅಳೆಯುವ ಉಪಕರಣದ ಹೆಸರು ಬಕಾರದಿಂದ ಆರಂಭವಾಗುತ್ತದೆಂದು ಗೊತ್ತಿದ್ದರೂ ಬಾಯಿಗೆ ಬಾರದಿರುವುದು.
೫. ಯಾವಾಗಲೂ 'ಐ ಡಿಡ್ ಎ ಮಿಸ್ಟೇಕ್' ಎನ್ನುವುದು.

ಉತ್ತರಗಳು: ೧. ಎಕ್ಸ್‌ಚೇಂಜ್ ಅಥವಾ ಸ್ಪೂನರಿಸಂ. ೨. ಮ್ಯಾಲಪ್ರಾಪಿಸಂ. ೩. ವಿರುದ್ಧಾರ್ಥದ ಶಬ್ದಕ್ಕೆ ಜಾರಿಕೆ. ೪. ಟಿಪ್ ಆಫ್ ದ ಟಂಗ್. ೫. ಕಾರ್ಡರನ ಅರ್ಥದಲ್ಲಿ ಎರರ್.

ಈ ಐದರಲ್ಲಿ ಕಲಿತು ತಿದ್ದಿಕೊಳ್ಳಬೇಕಾದುವು ಎರಡು ಮಾತ್ರ. ಎರಡನೆಯದು ಮತ್ತು ಐದನೆಯದು. ಅವೂ ಕೂಡ ಮಾತನಾಡಿದವನಲ್ಲಿ ಮಾತ್ರ ಗೋಚರವಾಗುವುವು. ಬಾಯಿ ತೆರೆಯದವನ ದೋಷವನ್ನು ಅಧ್ಯಾಪಕರೂ ಕಾಣರು, ಆತನೂ ಕಾಣನು. ಆದುದರಿಂದ ಉತ್ತರವನ್ನು ಬಲ್ಲ ವಿದ್ಯಾರ್ಥಿಗಳು ಎದ್ದು ನಿಲ್ಲಲಿ. ನಾಲಿಗೆ ಜಾರಿದರೆ ಅದರ ಹೆಸರು ಹೇಳಿ, ನಕ್ಕು, ವಾಕ್ಯವನ್ನು ಪೂರ್ತಿ ಮಾಡಲಿ.